ಅಡ್ಡಹೆಸರು ಮೊದಲು

ಕೋರ್ಟಿನ ಜವಾನನ ಕೆಲಸಕ್ಕೆ ಈಗ ಡಿಗ್ರಿ ಮುಗಿಸಿದವರೂ ಅರ್ಜಿ ಹಾಕುತ್ತಾರೆ. ಹಾಕಲಿ, ಕೆಲಸವೇನೂ ಸಣ್ಣದಲ್ಲ. ನಾನು ಐದನೇ ಇಯತ್ತೆಗೆ ಶಾಲೆ ಬಿಟ್ಟವನು. ಬೆಟಗೇರಿಯಲ್ಲಿ ಅಪ್ಪನ ಸಂಗಡ ಗಾದಿಗೆ ಹತ್ತಿ ಹಿಂಜುತ್ತಿದ್ದೆ. ಆ ಧೂಳಿಗೆ ಕೆಟ್ಟುಹೋಗಬೇಕಾಗಿದ್ದ ಗಂಟಲು ಹೇಗೋ ಉಳಿಯಿತು, ಆ ಗಂಟಲೇ ಮುಂದೆ ನನ್ನ ಮನೆ ನಡೆಸಿತು. ಲಕ್ಷ್ಮೇಶ್ವರದ ಕೋರ್ಟಿನ ಬಾಗಿಲಲ್ಲಿ ನಿಂತು ನಾನು ಹೆಸರು ಕೂಗಿದರೆ ರಸ್ತೆಯ ಆಚೆ ಚಹಾ ಕುಡಿಯುತ್ತಿದ್ದ ಕಕ್ಷಿದಾರ ಬಸಿ ಕೆಳಗಿಟ್ಟು ಓಡಿಬರುತ್ತಿದ್ದ. ಜಂಬ ಅನ್ನುವವರು ಅನ್ನಲಿ. ನನ್ನ ಕೂಗು ಕೇಳಲಿಲ್ಲ ಎಂಬ ಕಾರಣಕ್ಕೆ ಯಾರ ಮೇಲೂ ವಾರಂಟು ಹೊರಟಿಲ್ಲ.

ಕೂಗುವುದಕ್ಕೂ ಒಂದು ರೀತಿ ಇದೆ. ಅದನ್ನು ಯಾರೂ ಹೇಳಿಕೊಡುವುದಿಲ್ಲ, ತಪ್ಪು ಮಾಡಿಯೇ ಕಲಿಯಬೇಕು. ನಾನು ಸೇರಿದ ಹೊಸತರಲ್ಲಿ ಒಂದು ಮುಂಜಾನೆ ಒಳಗಿನಿಂದ ಚೀಟಿ ಬಂತು, ನೋಡಿ "ಫಕೀರಪ್ಪಾ" ಎಂದು ಕೂಗಿದೆ. ಶಿರಹಟ್ಟಿ ಕಡೆಯವರು ತಾರೀಖಿಗೆ ಬಂದ ದಿನ ಅದು. ಶಿರಹಟ್ಟಿ ಕಡೆ ಮನೆಗೊಬ್ಬ ಫಕೀರಪ್ಪ. ಅರ್ಧ ಕಾಂಪೌಂಡು ಎದ್ದು ಬಂತು. ಧೋತರ ಉಟ್ಟವರು, ಟೋಪಿ ಹಾಕಿದವರು, ಒಬ್ಬನ ಕಂಕುಳಲ್ಲಿ ಕೋಳಿ. ಎಲ್ಲರೂ ಒಳಗೆ ನುಗ್ಗಿ ಕೈಮುಗಿದು ನಿಂತರು. ಶಿರಸ್ತೇದಾರರು ಚಷ್ಮಾದ ಮೇಲಿಂದ ನನ್ನ ಕಡೆ ನೋಡಿದರು.

"ಲೇ ನದಾಫ, ನಿನಗ ಕಕ್ಷಿದಾರನ್ನ ಕರಿ ಅಂದ್ರ ಊರಿಗೆಲ್ಲಾ ಊಟಕ್ಕ ಕರದ್ಯಲ್ಲೋ!"

ನದಾಫ ಎಂಬುದು ನನ್ನ ಅಡ್ಡಹೆಸರು, ಹತ್ತಿ ಹಿಂಜುವ ಮುಸಲ್ಮಾನರದು. ನಮ್ಮ ಕಡೆ ಎಲ್ಲರಿಗೂ ಒಂದು ಅಡ್ಡಹೆಸರು ಇರುತ್ತದೆ. ಕಸುಬಿನದು ಇರಬಹುದು, ಊರಿನದು ಇರಬಹುದು, ಹಿಂದಿನವರು ಚೇಷ್ಟೆಗೆ ಇಟ್ಟದ್ದು ಇರಬಹುದು. ಬಡಿಗೇರ, ಕಮ್ಮಾರ, ಹೊಂಬಳ, ಮೆಣಸಿನಕಾಯಿ, ಉಳ್ಳಾಗಡ್ಡಿ. ಆವತ್ತಿನಿಂದ ನಾನು ಅಡ್ಡಹೆಸರನ್ನೇ ಮೊದಲು ಹಿಡಿದೆ. ಅದನ್ನು ಎಳೆದು ಕೂಗುವುದು, ಒಂದು ಉಸಿರು ಬಿಟ್ಟು ಹೆಸರು, ಕಡೆಗೆ ಅಪ್ಪನ ಹೆಸರು. "ಉಳ್ಳಾಗಡ್ಡೀ... ಫಕೀರಪ್ಪ ಬಸಪ್ಪಾ..." ಎಂದರೆ ಒಬ್ಬನೇ ಏಳುತ್ತಾನೆ, ಉಳಿದವರು ಕೂತೇ ಇರುತ್ತಾರೆ. ಲಕ್ಷ್ಮೇಶ್ವರ, ಮುಂಡರಗಿ, ಕಡೆಗೆ ಗದಗ, ಎಲ್ಲ ಕಡೆಯೂ ನನ್ನದು ಇದೇ ಪದ್ಧತಿ. ನನ್ನ ನಂತರ ಬಂದವರೂ ಇದನ್ನೇ ಹಿಡಿದರು.

ನಾನಿದ್ದಾಗಲೇ ಕೋರ್ಟಿನಲ್ಲಿ ಬಹಳ ಬದಲಾಯಿತು. ಬೋರ್ಡಿಗೆ ಕೈಯಲ್ಲಿ ಬರೆದು ಅಂಟಿಸುತ್ತಿದ್ದ ಕೇಸುಗಳ ಪಟ್ಟಿ ಮೊಬೈಲಿಗೆ ಬರತೊಡಗಿತು. ಟಕಟಕ ಟೈಪ್‌ರೈಟರ್ ಹೋಗಿ ಸದ್ದಿಲ್ಲದ ಕಂಪ್ಯೂಟರ್ ಬಂತು. ಒಂದು ಸಲ ಗೋಡೆಗೆ ಮೈಕಿನ ಡಬ್ಬಿ ಹಚ್ಚಿದರು. ಅದರಲ್ಲಿ ಹೆಸರು ಹೇಳಿದರೆ ಬಸ್ ಸ್ಟ್ಯಾಂಡಿನಲ್ಲಿ ಹೇಳಿದಂತೆ ಗೊರಗೊರ ಎನ್ನುತ್ತಿತ್ತು, ಯಾರೂ ಏಳುತ್ತಿರಲಿಲ್ಲ. ಕಡೆಗೆ ಜಡ್ಜ್ ಸಾಹೇಬರೇ, "ನದಾಫ, ನೀನೇ ಕೂಗಪ್ಪ" ಎಂದರು. ಆ ದಿನ ಮನೆಗೆ ಹೋಗುವಾಗ ಪೇಢೆ ಒಯ್ದಿದ್ದೆ.

ಇಷ್ಟು ಅಭಿಮಾನದಿಂದ ಮಾಡಿದ ಕೆಲಸದ ಮೇಲೆ ನನಗೆ ಗೊಂದಲ ಹುಟ್ಟಿದ್ದು ಗದಗಿಗೆ ಬಂದ ಮೇಲೆ, ಸೇವೆಯ ಕೊನೆಯ ವರ್ಷಗಳಲ್ಲಿ. ಆ ಗೊಂದಲ ಈಗಲೂ ಹೋಗಿಲ್ಲ. ಈ ಕೆಲಸಕ್ಕೆ ಬರುವವರು ಅದನ್ನೂ ತಿಳಿದಿರಲಿ ಎಂದು ಬರೆಯುತ್ತಿದ್ದೇನೆ.

ಮುಂಡರಗಿ ಕಡೆಯ ಒಂದು ಊರು, ಕಪ್ಪತಗುಡ್ಡದ ಬದಿಗೆ. ಊರಿನ ಹೆಸರು ಬೇಡ. ಅಲ್ಲಿ ನಾಣ್ಯ ಹಾಕಿದರೆ ಶುದ್ಧ ನೀರು ಬರುವ ಒಂದು ಘಟಕ. ಕೊಡಗಳ ಪಾಳಿಯಲ್ಲಿ ಯಲ್ಲಪ್ಪ ಎಂಬುವನ ಕೊಡ ಮುಂದಿತ್ತು. ಊರಿನ ದೊಡ್ಡ ಮನುಷ್ಯ ಶಿವನಗೌಡ ಪಾಟೀಲರು ಬಂದು, "ಲೇ ಮಾದರ, ನಿನ್ನ ಕೊಡ ಹಿಂದ ಇಡಲೇ" ಎಂದರಂತೆ. ಯಲ್ಲಪ್ಪ ಇಡಲಿಲ್ಲ. ಅದರಿಂದ ಹತ್ತಿದ ಜಗಳ ಸಂಜೆಯ ಹೊತ್ತಿಗೆ ಊರನ್ನು ಎರಡು ಮಾಡಿತು. ದಲಿತರ ಕೇರಿಗೆ ಕಲ್ಲು ಬಿದ್ದವು, ಬಾಗಿಲು ಮುರಿದವು, ಕೆಲವರು ಮಕ್ಕಳನ್ನು ಕಟ್ಟಿಕೊಂಡು ಡೋಣಿ ಎಂಬ ಊರಿನ ಬೀಗರ ಮನೆಗಳಿಗೆ ಓಡಿದರು. ಪೊಲೀಸರು ಬಂದು ಹೊಡೆದಾಟ ನಿಲ್ಲಿಸಿದರು. ಹೊಡೆದಾಟ ನಿಂತ ಮೇಲೆ ನಿಜವಾದ ಜಗಳ ಶುರುವಾಯಿತು. ಯಲ್ಲಪ್ಪ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಕೇಸು ಹಾಕಿದ. ಗೌಡರ ಕಡೆಯವರು ತಿರುಗಿ ಅವನ ಕೇರಿಯವರ ಮೇಲೆ ಹಾಕಿದರು. ಗಿರಣಿಯವನು ಕೇರಿಯವರ ಜೋಳ ಬೀಸುವುದನ್ನು ಬಿಟ್ಟ. ಯಾಕೆಂದು ಕೇಳಿದರೆ ಪಟ್ಟಾ ಹರಿದಿದೆ ಎನ್ನುತ್ತಿದ್ದ, ಆದರೆ ಅದು ಕೇರಿಯವರ ಮಟ್ಟಿಗೆ ಮಾತ್ರ ಹರಿದಿತ್ತು.

ಯಲ್ಲಪ್ಪನ ಸಾಕ್ಷಿಯ ದಿನ ಬಂತು. ಅವನ ಅಡ್ಡಹೆಸರು ಮಾದರ. ಅದೇ ಅವನ ಜಾತಿಯ ಹೆಸರೂ ಹೌದು. ಚೀಟಿಯಲ್ಲಿದ್ದಂತೆ, ನನ್ನ ಪದ್ಧತಿಯಂತೆ, ಬಾಗಿಲಲ್ಲಿ ನಿಂತು ಕೂಗಿದೆ.

"ಮಾದರಾ... ಯಲ್ಲಪ್ಪ ದುರ್ಗಪ್ಪಾ..."

ಬೇವಿನ ಗಿಡದ ಕೆಳಗೆ ಹೆಂಡತಿಯ ಜೊತೆ ಕೂತಿದ್ದವನು ಎದ್ದು ಅಂಗಿ ಜಾಡಿಸಿಕೊಂಡು ಬಂದ. ನಲವತ್ತರ ಆಸುಪಾಸಿನ ಗಟ್ಟಿ ಆಳು. ಟ್ರ್ಯಾಕ್ಟರ್ ಓಡಿಸುತ್ತಿದ್ದ. ಬಾಗಿಲಲ್ಲಿ ನನಗೂ ಕೈಮುಗಿದು ಒಳಗೆ ಹೋದ.

ಜಡ್ಜ್ ಮೇಡಂ ಮೈಸೂರಿನ ಕಡೆಯವರು. ನಮ್ಮ ಮಾತು ಅವರಿಗೆ ಅರ್ಧ ತಿಳಿಯುತ್ತಿತ್ತು, ಅರ್ಧ ಕೇಳಿ ತಿಳಿದುಕೊಳ್ಳುತ್ತಿದ್ದರು. ದೂರಿನಲ್ಲಿ ಪೊಲೀಸರು ಎಲ್ಲ ದೂರಿನಲ್ಲಿ ಬರೆಯುವಂತೆ 'ಜಾತಿ ಎತ್ತಿ ಅವಾಚ್ಯವಾಗಿ ಬೈದು' ಎಂದು ಬರೆದಿದ್ದರು.

"ಏನಂತ ಬೈದರು? ಆ ಶಬ್ದ ಹೇಳಿ," ಎಂದರು ಮೇಡಂ.

"ಹೇಳಾಕ ಬರೂದಿಲ್ರಿ," ಎಂದ ಯಲ್ಲಪ್ಪ.

"ಹೇಳಲೇಬೇಕು. ಇಲ್ಲದಿದ್ದರೆ ಏನು ಬರೆದುಕೊಳ್ಳಲಿ?"

ಅವನು ಕಟಕಟೆಯ ಪಟ್ಟಿಯನ್ನು ಎರಡೂ ಕೈಯಿಂದ ಹಿಡಿದುಕೊಂಡ. "ನನ್ನ ಹೆಸರಲೇನ ಬೈದಾರ್ರಿ, ಮೇಡಂ."

ಹಿಂದಿನ ಬೆಂಚಿನವರು ಕಿಸಕ್ಕನೆ ನಕ್ಕರು. ಸರಕಾರಿ ವಕೀಲರು ಹಣೆ ಒತ್ತಿಕೊಂಡರು. ಗೌಡರ ವಕೀಲರು ಮಾತ್ರ ನಗಲಿಲ್ಲ. ಹಿರಿಯ ಮನುಷ್ಯರು, ಮೆತ್ತಗಿನ ಮಾತು. ಪಾಟೀಸವಾಲಿಗೆ ಎದ್ದವರು ಕಾಗದವನ್ನೂ ಮುಟ್ಟಲಿಲ್ಲ.

"ಯಲ್ಲಪ್ಪ, ಈಗ ಹೊರಗ ಜವಾನ ನಿನ್ನ ಏನಂತ ಕರದ?"

"ಮಾದರ ಯಲ್ಲಪ್ಪ ಅಂತ್ರಿ."

"ಯಾರಾರು ಕೇಳಿದ್ರು?"

"ಎಲ್ಲಾರೂ ಕೇಳ್ಯಾರ್ರಿ. ಅವರ ದನಿ ದೊಡ್ಡದೈತಿ."

"ನಿನಗ ಸಿಟ್ಟು ಬಂತೇನ?"

"ಇಲ್ರಿ."

"ಅಪಮಾನ ಆತೇನ?"

ಯಲ್ಲಪ್ಪ ತಿರುಗಿ ಬಾಗಿಲ ಕಡೆ ನೋಡಿದ. ಅಲ್ಲಿ ನಾನಿದ್ದೆ. ನಾನು ಎಲ್ಲಿ ನೋಡಬೇಕೆಂದು ತಿಳಿಯದೆ ಫ್ಯಾನಿನ ಕಡೆ ನೋಡಿದೆ.

"ಇಲ್ರಿ," ಎಂದ.

"ನಮ್ಮ ಕಡೆ 'ಲೇ' ಅನ್ನೂದು ಸಲಿಗಿ ಮಾತು, ಹೌದಿಲ್ಲೋ? ನಿನ್ನ ಗೆಳ್ಯಾರಿಗೆ ನೀನೂ ಅಂತೀದಿಲ್ಲೋ?"

"ಅಂತೀನ್ರಿ."

"ಅಷ್ಟ ಸಾಕ್ರಿ ಮೇಡಂ, ಇವತ್ತಿಗೆ."

ಉಳಿದ ಪಾಟೀಸವಾಲು ಮುಂದಿನ ತಾರೀಖಿಗೆ ಹೋಯಿತು. ನಾನು ಊರೆಲ್ಲ ಕೇಳಲೆಂದು ಕೂಗಿದವನು. ನನ್ನ ಆ ಕೂಗು ಈಗ ಕೇಸಿನ ಕಾಗದದಲ್ಲಿ ಹೋಗಿ ಕೂತಿತ್ತು, ಅದೂ ಗೌಡರ ಕಡೆಗೆ.

ಊಟದ ಬಿಡುವಿನಲ್ಲಿ ಚಹಾದಂಗಡಿಯಲ್ಲಿ ಗಂಡ ಹೆಂಡತಿ ಸಿಕ್ಕರು. ಹೆಂಡತಿಯ ಹೆಸರು ದ್ಯಾಮವ್ವ. ಬುತ್ತಿಯ ರೊಟ್ಟಿ ಬಿಚ್ಚಿ ಕೂತಿದ್ದಳು.

"ತಪ್ಪ ತಿಳಕೋಬ್ಯಾಡಪಾ," ಎಂದೆ. "ಚೀಟಿದಾಗ ಇದ್ದಂಗ ಕೂಗೂದು ನನ್ನ ನೌಕರಿ."

"ನಿಮ್ಮದೇನೈತಿ ಬಿಡ್ರಿ ಸಾಬ್ರ," ಎಂದ ಯಲ್ಲಪ್ಪ. "ನೀವು ಕರದ್ರಿ. ಅವ್ರು ಬೈದ್ರು."

"ಶಬ್ದ ಒಂದ ಅಲ್ಲೇನೋ?"

"ಒಂದ ಐತ್ರಿ. ಅದಕ್ಕ ಅಲ್ಲಿ ಸಿಕ್ಕೊಂಡ್ನಿ ನೋಡ್ರಿ." ಆಮೇಲೆ ಕೇಳಿದ, "ನಿಮಗ ಸಾಬಾ ಅಂದ್ರ ಹ್ಯಾಂಗ ಅನಸ್ತೈತ್ರಿ?"

"ಯಾರು ಅಂದ್ರು ಅನ್ನೂದರ ಮ್ಯಾಲ..." ಎಂದು ಶುರು ಮಾಡಿ ಮುಂದೆ ಹೇಳಲಾಗದೆ ನಿಲ್ಲಿಸಿದೆ. ಯಲ್ಲಪ್ಪ 'ಸಾಬ್ರ' ಎಂದಾಗ ಏನೂ ಅನಿಸುವುದಿಲ್ಲ. ಒಬ್ಬ ಪೊಲೀಸಪ್ಪ ದಿನಾ "ಏ ಸಾಬಾ, ಬಾಗಲಾ ಬಿಡು" ಎನ್ನುತ್ತಿದ್ದ. ಅವನನ್ನು ಕಂಡರೆ ನಾನು ಬೇಕೆಂದೇ ನಿಧಾನ ಸರಿಯುತ್ತಿದ್ದೆ. ಆದರೆ ಹೀಗೆ ಎಂದು ಯಾವ ಕಾಗದದಲ್ಲಿ ಬರೆದು ತೋರಿಸುವುದು?

ಆಗಲೇ ಗ್ರಾಮ ಪಂಚಾಯ್ತಿ ಚುನಾವಣೆಯೂ ಹತ್ತಿರ ಬಂದಿತ್ತು. ಆ ಸಲ ಅಧ್ಯಕ್ಷರ ಕುರ್ಚಿ ಪರಿಶಿಷ್ಟ ಜಾತಿಯ ಹೆಣ್ಣುಮಗಳಿಗೆ ಮೀಸಲು. ರಾಜಿ ಮಾಡಿಸುವ ಹಿರಿಯರು ಇವರ ಮನೆಗೆ ಬಂದಿದ್ದರಂತೆ. ಕೇಸು ಬಿಟ್ಟರೆ ದ್ಯಾಮವ್ವನನ್ನು ಅವಿರೋಧವಾಗಿ ಆರಿಸಿ ಅಧ್ಯಕ್ಷೆ ಮಾಡುತ್ತೇವೆ ಎಂದರಂತೆ.

"ಆಗಿಬಿಡವ್ವಾ," ಎಂದೆ. ನನಗೆ ಅದು ಒಳ್ಳೆಯ ಮಾತಾಗಿಯೇ ಕಂಡಿತ್ತು. "ಗೌಡ್ರ ಎದುರಿಗೆ ಕುರ್ಚಿ ಮ್ಯಾಲೆ ಕುಂತಿ ಅಂದ್ರ, ಆ ಬೈಗಳ ಅಲ್ಲೇ ತೀರಿಹೋತು."

ದ್ಯಾಮವ್ವ ರೊಟ್ಟಿ ಮುರಿಯುತ್ತ ನಕ್ಕಳು. "ಕುರ್ಚಿ ಕೊಡ್ತೀವಿ ಅಂದ್ರು ರೀ. ಕುಂಡ್ರವಾ ಅಂತ ಒಬ್ಬಾರೂ ಅನ್ಲಿಲ್ಲ. ಕೊಡಾ ಹಿಂದ ಇಡಾಕ ಹೇಳಿದವ್ರು ಕುರ್ಚಿ ಎಲ್ಲಿ ಇಡ್ತಾರೋ!"

ಅವಳು ರಾಜಿಗೆ ಒಪ್ಪಲಿಲ್ಲ, ಚುನಾವಣೆಗೆ ನಿಂತಳು. ಗೌಡರು ಅದೇ ಕೇರಿಯ ಇನ್ನೊಬ್ಬ ಹೆಣ್ಣುಮಗಳನ್ನು ನಿಲ್ಲಿಸಿದರು. ಆಕೆ ಗೆದ್ದು ಅಧ್ಯಕ್ಷೆಯಾದಳು, ಕಾಗದಕ್ಕೆ ಎಲ್ಲಿ ಸಹಿ ಮಾಡಬೇಕೆಂದು ಗೌಡರ ಮಗ ತೋರಿಸತೊಡಗಿದ. ಮೀಸಲಾತಿಯ ಕಾನೂನಿನ ಪ್ರಕಾರ ಎಲ್ಲ ಸರಿಯಾಗಿತ್ತು. ಸರಿಯಾಗಿಯೇ ಇದ್ದದ್ದು ತಪ್ಪಾಗಿ ಕಾಣುವುದು ನನ್ನ ತಲೆಯ ದೋಷವೋ ಏನೋ ತಿಳಿಯದೆ ಹೋಯಿತು.

ಮುಂದಿನ ತಾರೀಖಿನ ಮುಂಜಾನೆ ನಾನು ಶಿರಸ್ತೇದಾರರ ಟೇಬಲ್ಲಿನ ಹತ್ತಿರ ನಿಂತೆ. ಫಕೀರಪ್ಪಗಳ ದಿನ ನನ್ನನ್ನು ಬೈದ ಅದೇ ಸಾಹೇಬರು, ಅವರೂ ಬಡ್ತಿ ಪಡೆದು ಗದಗಿಗೆ ಬಂದಿದ್ದರು.

"ಸಾಹೇಬ್ರ, ಆ ಅಟ್ರಾಸಿಟಿ ಕೇಸಿನ್ಯಾಗ ಅಡ್ಡಹೆಸರ ಬಿಟ್ಟ ಕೂಗ್ಲೇನ್ರಿ?"

"ಯಾಕಲೇ?"

"ಆ ಮನಷ್ಯಾಗ ಅದರಿಂದನ ತ್ರಾಸ ಆಗೇತಿ, ನಾನೂ ಅದನ್ನ ಕೂಗೂದಂದ್ರ..."

"ಕಾಗದದಾಗ ಇದ್ದಂಗ ಕೂಗು. ಇಪ್ಪತ್ತ ವರ್ಷ ತಲಿ ಉಪಯೋಗಸದ ನೌಕರಿ ಮಾಡೀದಿ, ಈಗ ಯಾಕ ಉಪಯೋಗಸ್ತಿ?"

ಅವರು ಬೈದರೂ ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳುವವರಲ್ಲ. ಆದರೆ ಆ ದಿನ ನನಗೂ ಹಟ ಬಂತು. ಕೇಸು ಬಂದಾಗ ಬಾಗಿಲಲ್ಲಿ ನಿಂತು, "ಯಲ್ಲಪ್ಪ ದುರ್ಗಪ್ಪಾ..." ಎಂದಷ್ಟೇ ಕೂಗಿದೆ. ಒಬ್ಬ ಮನುಷ್ಯ ಅವಸರದಿಂದ ಒಳಗೆ ನುಗ್ಗಿ ಕಟಕಟೆ ಏರಿ ಪ್ರಮಾಣಕ್ಕೆ ಕೈ ಎತ್ತಿಯೇ ಬಿಟ್ಟ. ಯಲ್ಲಪ್ಪನ ಬೆನ್ನು ಯಾವುದು, ಬೇರೆಯವನ ಬೆನ್ನು ಯಾವುದು ಎಂದು ನಾನು ನೋಡುವುದರೊಳಗೆ ಗೌಡರ ವಕೀಲರು ನೋಡಿದ್ದರು.

"ನೀ ಯಾರಪಾ?"

"ಯಲ್ಲಪ್ಪ ದುರ್ಗಪ್ಪ ತಳವಾರ್ರಿ. ಹಿರೇಹಂದಿಗೋಳ. ಲಾರಿ ಹಾದು ನನ್ನ ಆಡು ಸತ್ತಾವ್ರಿ, ಪರಿಹಾರಕ್ಕ ಬಂದೇನಿ."

ಕೋರ್ಟು ತುಂಬ ನಗೆ. ಮೇಡಂ ಕೂಡ ಕರ್ಚೀಪು ಬಾಯಿಗೆ ಹಿಡಿದರು. ವಕೀಲರು ನಗೆ ನಿಲ್ಲುವವರೆಗೂ ಕಾದು, ಮೆತ್ತಗೆ ಹೇಳಿದರು. "ನೋಡ್ರಿ ಮೇಡಂ, ಅಡ್ಡಹೆಸರ ಇಲ್ಲಂದ್ರ ಈ ಭಾಗದಾಗ ಮನಷ್ಯಾನ ಗುರ್ತ ಹತ್ತೂದಿಲ್ಲ. ನಮ್ಮ ಕಕ್ಷಿದಾರರೂ ಗುರ್ತಿಗೇನ ಅಂದಾರ."

ಕೂಗಿದರೂ ಗೌಡರಿಗೇ ಅನುಕೂಲವಾಯಿತು, ಕೂಗದಿದ್ದರೂ ಅವರಿಗೇ ಆಯಿತು. "ಸರಿಯಾಗಿ ಕೂಗಿ," ಎಂದರು ಮೇಡಂ.

ಹೊರಗೆ ಬಂದರೆ ಯಲ್ಲಪ್ಪ ಬಾಗಿಲ ಬದಿಯಲ್ಲೇ ನಿಂತಿದ್ದಾನೆ, ಒಂದು ಮಾರು ದೂರದಲ್ಲಿ. ಕೂಗುವುದೆಂದರೆ ಅವನ ಮುಖದ ಮೇಲೆಯೇ ಕೂಗಬೇಕು. "ಒಳಗ ನಡಿಯಪಾ, ಬಂದಿ ಅಂತ ಹೇಳ್ತೀನಿ," ಎಂದೆ.

"ಕೂಗ್ರಿ," ಎಂದ. "ದಿನಾ ಕೂಗಿದಂಗ ಕೂಗ್ರಿ. ಮೇಡಂನೋರು ಕೇಳ್ಲಿ."

ಕೂಗಿದೆ. ಅಷ್ಟು ಚೆನ್ನಾಗಿ ನಾನು ಯಾರ ಹೆಸರನ್ನೂ ಕೂಗಿಲ್ಲ. ಅಡ್ಡಹೆಸರನ್ನು ಎಳೆದೆ, ಉಸಿರು ಬಿಟ್ಟೆ, ಹೆಸರು ಹೇಳಿದೆ, ಅವನ ಅಪ್ಪನ ಹೆಸರನ್ನು ಮೆಲ್ಲಗೆ ಇಳಿಸಿದೆ. ಯಲ್ಲಪ್ಪ ಒಳಗೆ ಹೋಗಿ ಕಟಕಟೆ ಏರಿದ. ವಕೀಲರು ಬಾಯಿ ತೆರೆಯುವ ಮೊದಲೇ ಮಾತಾಡಿದ.

"ಮೇಡಂ, ಈ ಸಾಬ್ರು ಕರದದ್ದು ಕೇಳಿದ್ರಿಲ್ರಿ? ಹಿಂಗ ಕರದ್ರ ನಾ ಯಾಕ ಕೇಸ ಹಾಕ್ತಿದ್ನಿ? ಅವ್ರು ಅವತ್ತ ಹಿಂಗ ಕರೀಲಿಲ್ರಿ."

"ಹೇಗೆ ಕರೆದರು, ನೀವೇ ಅಂದು ತೋರಿಸಿ," ಎಂದರು ಮೇಡಂ.

ಯಲ್ಲಪ್ಪ ತಲೆ ಅಲ್ಲಾಡಿಸಿದ. "ನನ್ನ ನಾ ಹ್ಯಾಂಗ ಬೈಕೊಳ್ಳಲಿ ರೀ?"

ಆಗ ಆರೋಪಿಗಳ ಜಾಗದಲ್ಲಿ ನಿಂತಿದ್ದ ಶಿವನಗೌಡರು ಕೈ ಎತ್ತಿದರು. ಅವರ ವಕೀಲರು ಬೇಡ ಬೇಡ ಎಂದು ಸನ್ನೆ ಮಾಡಿದರು, ಮೇಡಂ ಕೂಡ, "ನೀವು ಮಾತಾಡಬೇಕಾಗಿಲ್ಲ" ಎಂದರು. ಗೌಡರು ಕೇಳುವವರಲ್ಲ.

"ಅದರಾಗೇನೈತ್ರಿ ಮೇಡಂ, ಹ್ಯಾಂಗ ಕರೀತೀನಿ ಅಂತ ಕರದ ತೋರಸ್ತೀನಿ." ಎರಡೂ ಕೈ ಜೋಡಿಸಿ, ತಲೆ ಬಾಗಿಸಿ, ಸಣ್ಣ ದನಿಯಲ್ಲಿ ಅಂದರು. "ಮಾದರ ಯಲ್ಲಪ್ಪನವರಾ... ಬರ್ರಿ... ಕುಂಡ್ರಿ..."

ಹಿಂದಿನ ಬೆಂಚಿನವರು ಹೋ ಎಂದು ನಕ್ಕರು. ಒಬ್ಬ ಸೀಟಿ ಹೊಡೆಯಲು ಹೋಗಿ ಪೊಲೀಸರನ್ನು ಕಂಡು ನುಂಗಿಕೊಂಡ. ಯಲ್ಲಪ್ಪನ ಮುಖ ಕಪ್ಪಿಟ್ಟಿತು.

"ಇದ ರೀ ಮೇಡಂ," ಎಂದ. "ಅವತ್ತೂ ಇದ ರೀ."

"ಇದರಾಗ ಏನೈತಿ?" ವಕೀಲರು ಖರೇನೇ ಆಶ್ಚರ್ಯಪಟ್ಟವರಂತೆ ಕೇಳಿದರು. "ನವರಾ ಅಂದಾರ. ಬರ್ರಿ ಅಂದಾರ. ಕುಂಡ್ರಿ ಅಂದಾರ."

ಕಂಪ್ಯೂಟರಿನ ಮುಂದಿದ್ದ ಟೈಪಿಸ್ಟ್ ಬಾಯಿಯವರು ಕೈ ಎತ್ತಿ ಕೂತಿದ್ದರು. "ಏನಂತ ಬರೀಲ್ರಿ ಮೇಡಂ?"

ಮೇಡಂ ಗೌಡರ ಕಡೆ ನೋಡಿದರು, ಹಿಂದಿನ ಬೆಂಚಿನ ಕಡೆ ನೋಡಿದರು. ಕಡೆಗೆ ಅಂದರು: "ಆರೋಪಿ ಸಾಕ್ಷಿಯ ಹೆಸರನ್ನು ಕರೆದರು, ಹಿಂದೆ ಕೂತವರು ನಕ್ಕರು ಎಂದು ಬರೆಯಿರಿ."

"ನಗೂದು ಪುರಾವೆ ಆಗೂದಿಲ್ರಿ, ಮೇಡಂ," ಎಂದರು ವಕೀಲರು.

"ಆಗುತ್ತದೋ ಇಲ್ಲವೋ ಆಮೇಲೆ ನೋಡೋಣ. ನಕ್ಕಿದ್ದು ಹೌದಲ್ಲ?"

ಆ ಮಾತು ಕೇಳಿ ಈ ಕೇಸು ನಿಲ್ಲುತ್ತದೆ ಎಂದು ನನಗೆ ಅನಿಸಿತು. ಬಾಗಿಲ ಹೊರಗೆ ನಿಂತಿದ್ದ ದ್ಯಾಮವ್ವನಿಗೂ ಹಾಗೆಯೇ ಹೇಳಿದೆ. ಹೇಳಬಾರದಿತ್ತು. ಜವಾನನಾದವನು ಯಾರಿಗೂ ಕೇಸಿನ ಫಲ ಹೇಳಬಾರದು, ಹೊಸಬರು ಇದನ್ನು ಗಟ್ಟಿಯಾಗಿ ನೆನಪಿಡಬೇಕು.

ತೀರ್ಪಿನ ದಿನ ನಾನೇ ಕೂಗಿದೆ. ಗೌಡರನ್ನು "ಪಾಟೀಲಾ... ಶಿವನಗೌಡಾ..." ಎಂದು ಕೂಗಿದಾಗ ಅವರ ಕಡೆಯವರು ಎದ್ದು ದಾರಿ ಬಿಟ್ಟರು. ಅದೇ ನನ್ನ ಪದ್ಧತಿ, ಅದೇ ಎಳೆತ. ಒಬ್ಬನಿಗೆ ಅದು ಪೇಟ ಸುತ್ತಿದಂತೆ, ಇನ್ನೊಬ್ಬನಿಗೆ ಕೊಡ ಹಿಂದಿಡು ಎಂದಂತೆ. ಅದು ನನ್ನ ಬಾಯಲ್ಲಿದೆಯೋ, ಕೇಳುವವರ ಕಿವಿಯಲ್ಲಿದೆಯೋ, ಊರಿನಲ್ಲಿದೆಯೋ, ಎಷ್ಟು ಯೋಚಿಸಿದರೂ ನನಗೆ ಹಿಡಿಗೆ ಸಿಕ್ಕಿಲ್ಲ.

ಬಾಗಿಲು ಮುರಿದದ್ದು, ಕಲ್ಲು ಎಸೆದದ್ದು ಸಾಬೀತಾಯಿತು. ಅದಕ್ಕೆ ದಂಡ ಬಿತ್ತು. ಜಾತಿ ಎತ್ತಿ ಬೈದ ವಿಷಯಕ್ಕೆ ಮಾತ್ರ, ಶಬ್ದ ಆಡಿದ್ದು ನಿಜವಿದ್ದರೂ ಅವಮಾನದ ಉದ್ದೇಶದಿಂದಲೇ ಆಡಿದರೆಂಬುದು ಸಂಶಯಾತೀತವಾಗಿ ರುಜುವಾತಾಗಿಲ್ಲ ಎಂದು ಮೇಡಂ ಓದಿದರು. ಓದುವಾಗ ಅವರ ದನಿ ಸಣ್ಣದಾಗಿತ್ತು. ಯಲ್ಲಪ್ಪನಿಗೆ ಅರ್ಥವಾಗಲಿಲ್ಲ. ಸರಕಾರಿ ವಕೀಲರು ಹತ್ತಿರ ಹೋಗಿ ತಿಳಿಸಿದರು. ಗೌಡರು ಅಲ್ಲಿಯೇ ದಂಡ ಕಟ್ಟಿ ಮೆಟ್ಟಿಲಿಳಿದರು. ಇಳಿಯುವಾಗ ಅವರ ಜೊತೆಗಿದ್ದವನೊಬ್ಬ ಎಲ್ಲರಿಗೂ ಕೇಳುವಂತೆ, "ಬಾರಲೇ ಮಾದರ, ಚಾ ಕುಡಿಯೂಣು. ಈಗ ಅನ್ನಾಕ ಅಡ್ಡಿಯಿಲ್ಲಂತ!" ಎಂದ.

ಯಲ್ಲಪ್ಪ ಅತ್ತ ತಿರುಗದೆ ನನ್ನ ಹತ್ತಿರ ಬಂದ.

"ಸಾಬ್ರ, ಮ್ಯಾಲಿನ ಕೋರ್ಟಿಗೆ ಹೋಗಬಹುದಂತ. ಧಾರವಾಡಕ್ಕ."

"ಹೂಂ, ಹೋಗಬಹುದಪಾ."

"ಅಲ್ಲಿ ಕೂಗಾಕ ಯಾರದಾರ್ರಿ?"

ನಾನು ಕಾಗದ ಮುಟ್ಟಿಸಲು ಒಂದೆರಡು ಸಲ ಅಲ್ಲಿಗೆ ಹೋಗಿದ್ದೆ. ಕಂಡದ್ದನ್ನು ಹೇಳಿದೆ. "ಅಲ್ಲಿ ಹೆಸರ ಕೂಗೂದಿಲ್ಲಪಾ. ಗ್ವಾಡಿ ಮ್ಯಾಲೆ ಟಿವಿ ಇರ್ತೈತಿ, ಅದರಾಗ ನಂಬರ್ ಬರ್ತೈತಿ. ನೀ ಹೋಗೂದೂ ಬ್ಯಾಡ, ವಕೀಲ್ರು ನಿಂತ್ರ ಸಾಕು. ಎಲ್ಲಾ ಈ ಕಾಗದಾ ಓದೇ ನೋಡ್ತಾರ."

ಅವನು ಒಮ್ಮೆ ಕೋರ್ಟಿನ ಬಾಗಿಲ ಕಡೆ ನೋಡಿದ.

"ಹಂಗಾದ್ರ," ಎಂದ, "ನೀವು ಹ್ಯಾಂಗ ಕರದ್ರಿ, ಅವ್ರು ಹ್ಯಾಂಗ ಕರದ್ರು ಅನ್ನೂದು ಅಲ್ಲೆ ಅವ್ರಿಗೆ ಹ್ಯಾಂಗ ಕೇಳಸ್ತೈತ್ರಿ?"

ದ್ಯಾಮವ್ವ ಬುತ್ತಿಯ ಗಂಟು ಎತ್ತಿ ಹೆಗಲಿಗೆ ಹಾಕಿಕೊಂಡಳು.

"ನಡೀರಿ, ಬಸ್ ಹೋಗ್ತೈತಿ," ಎಂದಳು. "ಅಲ್ಲಿ ಯಾರೂ ಇಲ್ಲಂದ್ರ ನಾ ನಿಂತು ಕೂಗ್ತೀನಿ. ಎರಡೂ ನಮೂನಿ ಕೂಗ್ತೀನಿ."

ಚೇಷ್ಟೆಗೆ ಅಂದದ್ದಲ್ಲ ಅದು. ಆ ಕೋರ್ಟಿನಲ್ಲಿ ಹಾಗೆ ನಿಂತು ಕೂಗಲು ಬಿಡುವುದಿಲ್ಲ, ಪೊಲೀಸರು ಹೊರಗೆ ಹಾಕುತ್ತಾರೆ ಎಂದು ನಾನು ಹೇಳಬೇಕಿತ್ತು. ಅದು ನನಗೆ ಗೊತ್ತಿದ್ದ ಮಾತು. ಹೇಳಲೋ ಬೇಡವೋ ಎಂದು ನಿಂತಿರುವಾಗಲೇ ಅವರು ಗೇಟು ದಾಟಿ ಬಸ್ ಸ್ಟ್ಯಾಂಡಿನ ಕಡೆ ತಿರುಗಿದ್ದರು.